ಸ್ಪೇನ್‌ನ ಗಲೀಸಿಯಾ ಕರಾವಳಿಯಲ್ಲಿ ಏನು ತಿನ್ನಬೇಕು, ಯಾವ ವೈನ್ ಕುಡಿಯಬೇಕು?

ಸೆಪ್ಟೆಂಬರ್‌ನಲ್ಲಿ ವೀಗೊ ಕಡೆ ಹೋಗುತ್ತಿದ್ದೇವೆ, ಮೀನು ಅಂದ್ರೆ ಪ್ರಾಣ, ಆದರೆ ಕೈ ಸುಟ್ಟುಕೊಳ್ಳಬಾರದು ಅಂತ ಕೇಳಿದ್ದೀರಿ. ಹಾಗಾದರೆ ಮೊದಲು ಮಸ್ಸೆಲ್ ತಿನ್ನಿ. ನಮ್ಮ ಕರಾವಳಿಯ ನೀಲಿಕಲ್ಲಿನ ಬಳಗಕ್ಕೇ ಸೇರಿದ ಚಿಪ್ಪುಜೀವಿ ಇದು. ಹೋದವರೆಲ್ಲ ಏಡಿ, ಲಾಬ್‌ಸ್ಟರ್ ಹಿಂದೆ ಬೀಳುತ್ತಾರೆ. ಆ ಊರಿನ ನಿಜವಾದ ರುಚಿ ಮಾತ್ರ ಈ ಅಗ್ಗದ ಚಿಪ್ಪಿನಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಅಲ್ಲಿ ಸಮುದ್ರ ನೆಲದೊಳಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ಆ ಚಾಚುಗಳಿಗೆ ರಿಯಾ ಅನ್ನುತ್ತಾರೆ. ಅರೋಸಾ ರಿಯಾದ ದಡದಲ್ಲಿ ನಿಂತರೆ ನೀರಿನ ಮೇಲೆ ಮರದ ತೆಪ್ಪಗಳು ಸಾಲುಸಾಲಾಗಿ ಕಾಣುತ್ತವೆ. ಒಂದು ತೆಪ್ಪದಿಂದ 500ರ ತನಕ ಹಗ್ಗಗಳು ನೀರೊಳಗೆ ಇಳಿಬಿದ್ದಿರುತ್ತವೆ, ಹಗ್ಗದ ತುಂಬ ಮಸ್ಸೆಲ್. ಬೇಸಿಗೆಯಲ್ಲಿ ಉತ್ತರದ ಗಾಳಿ ಬೀಸಿದಾಗ ಕಡಲಿನ ಮೇಲಿನ ನೀರು ಆಚೆ ಸರಿದು, ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ. ಅದನ್ನು ನಂಬಿ ಬೆಳೆಯುವ ಸಣ್ಣ ಜೀವಿಗಳನ್ನು ತಿಂದು ಚಿಪ್ಪಿನೊಳಗಿನ ಮಾಂಸ ಕೊಬ್ಬುತ್ತದೆ. ಸುಮ್ನೆ ಹಬೆಯಲ್ಲಿ ಬೇಯಿಸಿ, ನಿಂಬೆಹಣ್ಣಿನ ಹೋಳಿನ ಜೊತೆ ಕೊಡುತ್ತಾರೆ. ಮಸಾಲೆ ಇಲ್ಲ ಅಂತ ಬೇಜಾರಾಗಬೇಡಿ. ಕಿತ್ತಳೆ ಬಣ್ಣದ ಮಾಂಸ, ತಳದಲ್ಲಿ ನಿಂತ ಉಪ್ಪುಪ್ಪು ರಸ. ಆ ರಸಕ್ಕೆ ಬ್ರೆಡ್ ಅದ್ದಿ ತಿನ್ನಿ.

ಇದರ ಜೊತೆಗೆ ಅಲ್ಬರಿನ್ಯೊ. ರಿಯಾಸ್ ಬೈಶಾಸ್ ಪ್ರದೇಶದ ಬಿಳಿ ವೈನ್ ಇದು. 1988ರಿಂದ ಆ ಹೆಸರಿಗೆ ಅಧಿಕೃತ ಮಾನ್ಯತೆ ಇದೆ. ಮಳೆ, ತೇವ ಜಾಸ್ತಿ ಇರುವ ಜಾಗ. ದ್ರಾಕ್ಷಿ ಕೊಳೆಯಬಾರದು, ಕೆಳಗೆ ಗಾಳಿಯಾಡಬೇಕು ಅಂತ ಬಳ್ಳಿಯನ್ನು ಗ್ರಾನೈಟ್ ಕಂಬಗಳ ಚಪ್ಪರಕ್ಕೆ ಹಬ್ಬಿಸುತ್ತಾರೆ. ನೀವು ಹೋಗುವುದು ಕೊಯ್ಲಿನ ಸಮಯ, ಕಂಬಾದೋಸ್ ಊರಿನ ಸುತ್ತ ಒಂದು ಮಧ್ಯಾಹ್ನ ನಡೆದಾಡಿ ಬನ್ನಿ. ವೈನ್ ಹುಳಿಹುಳಿ, ಹಗುರ. ಚಿಪ್ಪಿನ ಉಪ್ಪಿಗೆ ಈ ಹುಳಿ ಹೇಳಿ ಮಾಡಿಸಿದ ಜೋಡಿ. ಹಳೆಯ ದುಬಾರಿ ಬಾಟಲಿ ಹುಡುಕುವ ಅಗತ್ಯ ಇಲ್ಲ. ಹಿಂದಿನ ವರ್ಷದ್ದು ಕೇಳಿ, ತಣ್ಣಗಿರಲಿ.

ಆಕ್ಟೋಪಸ್ ಬಿಡಬೇಡಿ. ಬೇಯಿಸಿ, ಕತ್ತರಿಯಲ್ಲಿ ತುಂಡು ಮಾಡಿ, ಮರದ ತಟ್ಟೆಗೆ ಹಾಕಿ, ಆಲಿವ್ ಎಣ್ಣೆ, ಕಲ್ಲುಪ್ಪು, ಕೆಂಪು ಪಾಪ್ರಿಕಾ ಪುಡಿ ಉದುರಿಸಿ ಕೊಡುತ್ತಾರೆ. ಪಾದ್ರೋನ್ ಹಸಿಮೆಣಸಿನಕಾಯಿ ಹುರಿದದ್ದೂ ಒಂದು ಪ್ಲೇಟ್ ಇರಲಿ. ಹೆಚ್ಚಿನವು ಖಾರ ಇಲ್ಲ, ಅಲ್ಲೊಂದು ಇಲ್ಲೊಂದು ಚುರುಕ್ ಅನ್ನುತ್ತದೆ.

ಪೆರ್ಸೆಬೆಸ್ ಬಗ್ಗೆಯೂ ಕೇಳಿದ್ದೀರಿ ಅಲ್ವಾ? ಅಲೆ ಅಪ್ಪಳಿಸುವ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಜೀವಿ ಅದು. ಅಲೆ ಹಿಂದೆ ಸರಿದ ಗಳಿಗೆಯಲ್ಲಿ ಜೀವ ಪಣಕ್ಕಿಟ್ಟು ಕೆರೆದು ತರುತ್ತಾರೆ, ಹಾಗಾಗಿ ಬೆಲೆ ಜಾಸ್ತಿ. ಆ ದುಡ್ಡು ನ್ಯಾಯವಾದದ್ದೇ. ಒಂದು ಚಿಕ್ಕ ಪ್ಲೇಟ್ ಹಂಚಿಕೊಂಡು ತಿನ್ನಿ. ತೊಗಲನ್ನು ತಿರುಚಿ ಎಳೆದರೆ ಒಳಗಿನ ಮಾಂಸ ಬರುತ್ತದೆ, ಜೊತೆಗೆ ನೀರೂ ಚಿಮ್ಮುತ್ತದೆ, ಅಂಗಿ ಜೋಪಾನ. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ 'ಸೆಗುನ್ ಮೆರ್ಕಾದೊ' ಅಂತಿದ್ದರೆ ಅವತ್ತಿನ ಮಾರುಕಟ್ಟೆ ದರ. ಎಷ್ಟು ತೂಕ, ಎಷ್ಟು ಯೂರೋ ಅಂತ ಮೊದಲೇ ಕೇಳಿ, ಅದರಲ್ಲಿ ಸಂಕೋಚ ಬೇಡ.

ಹೊಟ್ಟೆತುಂಬ ಊಟ ಮಧ್ಯಾಹ್ನವೇ ಮಾಡಿ. ವಾರದ ದಿನಗಳಲ್ಲಿ 'ಮೆನು ದೆಲ್ ದಿಯಾ' ಅಂತ ಒಂದೇ ಬೆಲೆಗೆ ಪೂರ್ತಿ ಊಟ ಸಿಗುತ್ತದೆ. ರಾತ್ರಿ ಒಂಬತ್ತಕ್ಕೆ ಮುಂಚೆ ಎಷ್ಟೋ ಕಡೆ ಅಡುಗೆಮನೆಯೇ ಶುರುವಾಗಿರುವುದಿಲ್ಲ. ಭಾನುವಾರ ಹೆಚ್ಚಿನ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಾಗಾಗಿ ಸೋಮವಾರ ಆಕ್ಟೋಪಸ್ ತಿನ್ನಿ, ತಾಜಾ ಮೀನನ್ನು ಮಂಗಳವಾರಕ್ಕೆ ಇಟ್ಟುಕೊಳ್ಳಿ.