ಇಂಗ್ಲಿಷ್ ಸಂಗೀತ ಸಂಯೋಜಕ ವಾನ್ ವಿಲಿಯಮ್ಸ್ ಅವರ ಚಿತ್ರಸಂಗೀತ ಕೇಳಲು ಎಲ್ಲಿಂದ ಶುರುಮಾಡಲಿ, ಯಾವ ಧ್ವನಿಮುದ್ರಿಕೆ ಒಳ್ಳೆಯದು?

'ಸ್ಕಾಟ್ ಆಫ್ ದಿ ಅಂಟಾರ್ಕ್ಟಿಕ್'ನಿಂದ (1948). ಸಿನಿಮಾ ನೋಡಿದರೆ ಸಾಲದು. ಅವರು ಬರೆದದ್ದರಲ್ಲಿ ಸಾಕಷ್ಟು ಭಾಗ ಚಿತ್ರದಲ್ಲಿ ಬಳಕೆಯಾಗಲೇ ಇಲ್ಲ. ಪೂರ್ತಿ ಸಂಗೀತಕ್ಕೆ ಮಾರ್ಟಿನ್ ಯೇಟ್ಸ್ ವಾದ್ಯವೃಂದ ನಡೆಸಿಕೊಟ್ಟ, ಡಟನ್ ಕಂಪನಿಯ ಸಿ.ಡಿ. ತಗೊಳ್ಳಿ. ಆಯ್ದ ಭಾಗ ಸಾಕೆಂದರೆ ಚಾಂಡೋಸ್ ಕಂಪನಿಯಲ್ಲಿ ರೂಮನ್ ಗಾಂಬಾ ನಡೆಸಿಕೊಟ್ಟದ್ದಿದೆ.

ಆಮೇಲೆ ಇದರಿಂದಲೇ ಹುಟ್ಟಿದ ಏಳನೇ ಸಿಂಫನಿಯನ್ನು (1953) ತಪ್ಪದೆ ಕೇಳಿ. ಮೂರನೇ ಭಾಗದಲ್ಲಿ ಇಡೀ ಆರ್ಗನ್ (ದೊಡ್ಡ ಕೊಳವೆಗಳ ವಾದ್ಯ) ಒಮ್ಮೆಲೇ ಎರಗುತ್ತದೆ, ಮೈ ಜುಮ್ಮೆನ್ನುತ್ತದೆ! ಫೋನಿನ ಪುಟ್ಟ ಸ್ಪೀಕರಿನಲ್ಲಿ ಅದರ ತಳಸ್ವರಗಳು ಹುಟ್ಟುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಬೇಕು. ವಾಲ್ಯೂಮನ್ನು ಈ ಜಾಗಕ್ಕೆ ಹೊಂದಿಸಿಕೊಂಡು ಮತ್ತೆ ಮುಟ್ಟಬೇಡಿ. ಕೊನೆಯಲ್ಲಿ ಪದಗಳಿಲ್ಲದ ಹೆಣ್ಣುದನಿಗಳೂ ಗಾಳಿಯ ಸದ್ದು ಹೊರಡಿಸುವ ಯಂತ್ರವೂ ಮೆಲ್ಲಗೆ ಮೌನದಲ್ಲಿ ಕರಗಬೇಕು. ಅಲ್ಲಿ ಸದ್ದು ಏರಿಸಿದರೆ ಆ ಕರಗುವಿಕೆಯೇ ಕೆಡುತ್ತದೆ.