ಹನ್ನೊಂದು ಹೊಂಗೆ ಮರ ಹೋದ ಮೇಲೆ ಇನ್ನೇನು ಮಾಡೋದು ಅಂತ ಕೇಳಿದ್ದಕ್ಕೆ

ನಮಸ್ಕಾರ ಅಣ್ಣ. ನಿನ್ನೆ ಈ ಗುಂಪಿನಲ್ಲಿ ನೀವು ಹಾಕಿದ್ದನ್ನು ಎರಡು ಸಲ ಓದಿದೆ. ಹದಿನಾಲ್ಕು ವರ್ಷ ಸಾಕಿದ ಹನ್ನೊಂದು ಹೊಂಗೆ ಮರ, ರಸ್ತೆ ಅಗಲ ಮಾಡುವ ಕೆಲಸದಲ್ಲಿ ಒಂದೇ ಬೆಳಿಗ್ಗೆ ನೆಲಕ್ಕೆ ಬಿದ್ದವು ಅಂತ ಬರೆದಿದ್ದೀರಿ. ಭೂಮಿಯ ಬಿಸಿ ತಡೆಯೋಕೆ ದೇಶಗಳೆಲ್ಲ ಮಾಡಿಕೊಂಡ ಪ್ಯಾರಿಸ್ ಒಪ್ಪಂದವನ್ನು ಅಮೆರಿಕ ಬಿಟ್ಟು ಹೋಯಿತು, ಬ್ರೆಜಿಲ್‌ನ ದೊಡ್ಡ ಹವಾಮಾನ ಸಭೆಯ ಕೊನೆಯ ಒಪ್ಪಂದದಲ್ಲಿ ಕಲ್ಲಿದ್ದಲು, ಪೆಟ್ರೋಲ್ ಬಿಡುವ ಮಾತೇ ಬರಲಿಲ್ಲ, ಇನ್ನು ನಾನೊಬ್ಬ ಬದು ಹಾಕಿ ಗಿಡ ನೆಟ್ಟು ಏನು ಬಂತು ಅಂತ ಕೇಳಿದ್ದೀರಿ. ಕೆಳಗೆ ಕೆಲವರು "ಬೇಜಾರು ಮಾಡ್ಕೋಬೇಡಿ, ಎಲ್ಲಾ ಸರಿಹೋಗುತ್ತೆ" ಅಂದಿದ್ದಾರೆ. ನನಗೆ ಹಾಗೆ ಹೇಳೋಕೆ ಬಾಯಿ ಬರಲ್ಲ. ಹದಿನಾಲ್ಕು ವರ್ಷದ ಮರ ಹೋದರೆ ಹೊಟ್ಟೆ ಉರಿಯುತ್ತೆ. ಉರಿಯಲೇಬೇಕು.

ಮೊದಲು ದೂರದ ವಿಷಯ ಮುಗಿಸಿಬಿಡುತ್ತೇನೆ. ನೀವು ಹೇಳಿದ್ದು ನಿಜ. ಅಮೆರಿಕ 2025ರ ಜನವರಿಯಲ್ಲಿ ಒಪ್ಪಂದ ಬಿಡುತ್ತೇವೆ ಅಂತ ಸಹಿ ಹಾಕಿತು, 2026ರ ಜನವರಿಯಲ್ಲಿ ಹೊರಗೆ ಹೋಯಿತು. ಆದರೆ ಇದೇ ಮೊದಲಲ್ಲ. 2020ರ ನವೆಂಬರ್‌ನಲ್ಲೂ ಹೋಗಿತ್ತು, 2021ರ ಫೆಬ್ರವರಿಯಲ್ಲಿ ವಾಪಸ್ ಬಂತು. ಅಮೆರಿಕ ಹೀಗೆ ಹೋಗಿ ಬಂದರೂ ಒಟ್ಟು ಹತ್ತು ವರ್ಷದಲ್ಲಿ ಸೋಲಾರ್ ಪ್ಯಾನೆಲ್ ರೇಟು ಇಳಿದಿದೆ. 2015ರಲ್ಲಿ ಪ್ಯಾರಿಸ್ ಒಪ್ಪಂದ ಆದಾಗ, ಹೀಗೇ ಹೋದರೆ ಈ ಶತಮಾನದ ಕೊನೆಗೆ ಭೂಮಿಯ ಬಿಸಿ ಹೆಚ್ಚುಕಮ್ಮಿ 4 ಡಿಗ್ರಿ ಏರುತ್ತೆ ಅನ್ನೋ ಲೆಕ್ಕ ಇತ್ತು. ವಿಶ್ವಸಂಸ್ಥೆಯ ಪರಿಸರ ವಿಭಾಗ 2025ರಲ್ಲಿ ಹೇಳಿದ್ದು 2.8 ಡಿಗ್ರಿ. 2.8 ಕೂಡ ನಮ್ಮಂಥ ಮಳೆ ನಂಬಿದವರಿಗೆ ಭಯಂಕರವೇ. ಆದರೂ ಆ ನಡುವಿನ ಒಂದು ಡಿಗ್ರಿ ಸುಮ್ನೆ ಇಳಿದಿಲ್ಲ. ಯಾರೋ ಎಲ್ಲೋ ಕೆಲಸ ಮಾಡಿದ್ದಕ್ಕೆ ಇಳಿದಿದೆ.

ನಮ್ಮ ದೇಶದ್ದೂ ನೋಡಿ. 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿ, ಅಂದರೆ ಕರೆಂಟ್ ತಯಾರಿಸುವ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲದಿಂದ ಇರಬೇಕು ಅನ್ನೋದು, 2025ರಲ್ಲೇ ಮುಟ್ಟಿತು. ನಿಜವಾಗಿ ಉರಿಯುವ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲೇ ಇನ್ನೂ ಜಾಸ್ತಿ, ಅದೂ ಗೊತ್ತಿರಲಿ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ನಿಂತಿದೆ, ರೈತರಿಂದ ಭೋಗ್ಯಕ್ಕೆ ಪಡೆದ ಸುಮಾರು 13,000 ಎಕರೆಯಲ್ಲಿ. ಅಲ್ಲಿ ಜಮೀನಿಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ನಷ್ಟ ಆಗಿದೆ. ಅದನ್ನು ಸರಿ ಮಾಡಿ ಅಂತ ಕೇಳೋದು ನಮ್ಮ ಕೆಲಸವೇ.

ಇನ್ನು ಹೊಲಕ್ಕೆ ಬರೋಣ. ಬದು ಹಾಕಿ ಏನು ಬಂತು ಅಂದಿರಿ. ಬದುವಿನ ಲಾಭ ಮೊದಲು ಬರೋದು ನಿಮಗೇ. ಅದಕ್ಕೆ ಯಾವ ದೇಶದ ಸಹಿಯೂ ಬೇಡ.

2023 ನೆನಪಿದೆಯಲ್ವಾ? 236 ತಾಲ್ಲೂಕಲ್ಲಿ 223 ಬರ ಅಂತ ಸರ್ಕಾರ ಘೋಷಿಸಿದ ವರ್ಷ. ಅದಕ್ಕೆ ಎರಡು ವರ್ಷ ಮುಂಚೆ ನಮ್ಮ ತೆಂಗಿನ ತೋಟದ ಮೇಲ್ಭಾಗದಲ್ಲಿ ಇಳಿಜಾರಿಗೆ ಅಡ್ಡವಾಗಿ ಹತ್ತು ಟ್ರೆಂಚ್ ತೆಗೆಸಿದ್ದೆವು. ಒಂದೊಂದೂ ಇಪ್ಪತ್ತು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಒಂದು ಸಲ ತುಂಬಿದರೆ ಒಂದರಲ್ಲಿ ಸುಮಾರು 2,250 ಲೀಟರ್. ಹತ್ತರಲ್ಲಿ 22,500. ಅಂದರೆ ಐದು ಸಾವಿರ ಲೀಟರಿನ ಟ್ಯಾಂಕರ್ ನಾಲ್ಕೂವರೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು, ಲೆಕ್ಕ ಹಾಕಿ ನೋಡಿ. ನಾವು ಅದನ್ನು ಹಳ್ಳಕ್ಕೆ ಬಿಟ್ಟು, ಆಮೇಲೆ ಸಾವಿರ ಅಡಿ ಬೋರ್ ಕೊರೆಸುತ್ತೇವೆ.

ಟ್ರೆಂಚಿನ ಮಣ್ಣನ್ನು ಕೆಳಬದಿಗೆ ಹಾಕಿ ಬದು ಮಾಡಿದೆವು. ಬದುವಿನ ಮೇಲೆ ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ. ಟ್ರೆಂಚಿನ ಒಳಗೆ ತೆಂಗಿನಕಾಯಿ ಸುಲಿದ ಮಟ್ಟೆ ಜೋಡಿಸಿದೆವು, ಬೊಗಸೆಯಂತಿರುವ ಮುಖ ಮೇಲಕ್ಕೆ ಮಾಡಿ. ಆ ಬರದ ವರ್ಷ ಸಂಕ್ರಾಂತಿ ಆದಮೇಲೆ ಒಂದು ದಿನ ಕುತೂಹಲಕ್ಕೆ ಒಂದು ಮಟ್ಟೆ ಎತ್ತಿದೆ. ಮೇಲಿನ ಸಾಲು ಒಣಗಿ ಹಗುರ ಆಗಿತ್ತು. ಎರಡನೇ ಸಾಲಿನ ಮಟ್ಟೆ ಕಪ್ಪಗೆ, ಭಾರ. ಹಿಂಡಿದರೆ ಬೆರಳಿಗೆ ತೇವ ಹತ್ತಿತು. ನಾರಿನ ಒಳಗೆಲ್ಲ ಬಿಳಿ ಬೇರಿನ ಎಳೆ ತೂರಿಕೊಂಡಿದ್ದವು. ತೆಂಗಿನ ಮರ ತಾನೇ ನೀರು ಹುಡುಕಿಕೊಂಡು ಬಂದಿತ್ತು. ಪಕ್ಕದಲ್ಲಿ ಟ್ರೆಂಚ್ ಇಲ್ಲದ ಸಾಲಿನಲ್ಲಿ ಗರಿ ಜೋತುಬಿದ್ದಿದ್ದವು. ನಾನು ಅವತ್ತು ಆ ಮಟ್ಟೆ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಅಲ್ಲೇ ಕೂತಿದ್ದೆ. ಮನಸ್ಸು ಕುಸಿದಾಗ ನನಗೆ ಈಗಲೂ ನೆನಪಾಗೋದು ಅದೇ ಬೆರಳಿನ ತೇವ.

ನಿಮ್ಮದು ಬೆದ್ದಲು, ಮಳೆ ನಂಬಿದ ಹೊಲ ಅಂದಿರಲ್ವಾ, ಅಕ್ಕಡಿ ಅಂದರೆ ಸಾಲಿನ ನಡುವೆ ಹಾಕುವ ಬೆಳೆ ಬಿಡಬೇಡಿ. ರಾಗಿ ಸಾಲಿನ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಬದುವಿನ ಅಂಚಿಗೆ ಹರಳು. ನಮ್ಮತ್ತೆ ಈ ಬೀಜಗಳನ್ನು ಬೂದಿ ಹಾಕಿ ಮಡಕೆಯಲ್ಲಿ ಎತ್ತಿಡುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದೆಲ್ಲ ಯಾಕೆ ರಗಳೆ, ಬರೀ ರಾಗಿ ಹಾಕೋಣ ಅಂದಿದ್ದೆ. ಒಂದು ಮಳೆ ಕೈಕೊಟ್ಟರೆ ಇನ್ನೊಂದು ಮಳೆಗೆ ಏನಾದರೂ ಎದ್ದು ನಿಲ್ಲುತ್ತೆ ಅಂತ ಅವರು ಹೇಳಿದ್ದರು. 2023ರಲ್ಲಿ ರಾಗಿ ಅರ್ಧಕ್ಕಿಂತ ಕಮ್ಮಿ ಬಂತು. ತೊಗರಿ ಬಂತು, ಅವರೆ ಮನೆಗಾಯಿತು, ಹಸುವಿಗೆ ಒಂದಿಷ್ಟು ಸೊಪ್ಪಾಯಿತು.

ಯೂರಿಯಾ ವಿಷಯ ಒಂದು ಮಾತು. ಬೆಳೆಗೆ ಹತ್ತದೆ ಉಳಿದ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಏಳುತ್ತೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತೆ. ಒಂದೇ ಸಲ ಎರಚಬೇಡಿ. ಬಿತ್ತನೆಗೆ ಅರ್ಧ, ಕಳೆ ತೆಗೆದ ಮೇಲೆ ನೆಲ ಹಸಿ ಇರುವಾಗ ಇನ್ನರ್ಧ. ಜೋರು ಮಳೆ ಬರೋ ಸೂಚನೆ ಇದ್ದರೆ ಎರಡು ದಿನ ತಡೆಯಿರಿ. ದುಡ್ಡೂ ಉಳಿಯುತ್ತೆ. ಗರಿ, ಕಡ್ಡಿ, ಹೊಟ್ಟು ಯಾವುದಕ್ಕೂ ಬೆಂಕಿ ಹಾಕಬೇಡಿ, ಅದು ನಿಮಗೆ ಹೇಳಬೇಕಾಗಿಲ್ಲ ಬಿಡಿ. ನಾಲ್ಕೈದು ದನ ಇದ್ದರೆ ಗೋಬರ್ ಗ್ಯಾಸ್ ಮತ್ತೆ ಶುರು ಮಾಡಿ. ಆದರೆ ಪೈಪು, ವಾಲ್ವ್ ಸೋರದಂತೆ ನೋಡಿಕೊಳ್ಳಿ, ಸೋರಿದ ಮೀಥೇನ್ ಉರಿದಿದ್ದಕ್ಕಿಂತ ಕೆಟ್ಟದ್ದು. ಗ್ಯಾಸ್ ಆದಮೇಲೆ ಉಳಿಯುವ ಬಗ್ಗಡ ತೋಟಕ್ಕೆ ಬಂಗಾರ.

ಈಗ ಆ ಮರಗಳ ವಿಷಯ. ಇಲ್ಲಿ ಸುಮ್ನೆ ಕೂರಬೇಡಿ ಅಣ್ಣ. ನಮ್ಮ ಪಾಡಿಗೆ ನಾವು ಗಿಡ ನೆಡೋಣ, ರಾಜಕೀಯ ಬೇಡ ಅಂತ ಈ ಗುಂಪಿನಲ್ಲಿ ಎಷ್ಟೋ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಹದಿನಾಲ್ಕು ವರ್ಷ ನೀರು ಹೊತ್ತವರಿಗೆ ಕೇಳುವ ಹಕ್ಕಿದೆ.

ಒಂದು ಬಿಳಿ ಹಾಳೆ ತಗೊಳ್ಳಿ. ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಮೂರೇ ಪ್ರಶ್ನೆ ಕೇಳಿ. ಈ ಮರ ಕಡಿಯಲು ಅನುಮತಿ ಕೊಟ್ಟವರು ಯಾರು, ಅದರ ಪ್ರತಿ ಕೊಡಿ. ಮರದ ದಿಮ್ಮಿ ಎಲ್ಲಿ ಹೋಯಿತು. ಬದಲಿ ಗಿಡ ಎಲ್ಲಿ, ಯಾವಾಗ, ಎಷ್ಟು ನೆಡುತ್ತೀರಿ. ಜೊತೆಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಊರಿನ ಗಿಡಮರ, ಜೀವಗಳನ್ನು ನೋಡಿಕೊಳ್ಳಬೇಕಾದ ನಮ್ಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಲ್ಲಿದೆ ಅಂತ ಕೇಳಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಅದು ಇರಬೇಕು. ಎಷ್ಟೋ ಕಡೆ ಹೆಸರು ಮಾತ್ರ ಪುಸ್ತಕದಲ್ಲಿರುತ್ತೆ. ನೀವು, ನಿಮ್ಮ ಮನೆಯವರು ಸೇರಿ ಕೇಳಿದರೆ ಅದರೊಳಗೆ ಜಾಗವೂ ಸಿಗಬಹುದು. ಉಳಿದ ಮರಗಳಿಗೆ ಅದು ಬೇಲಿ.

ಕೇಳಿದರೆ ಏನಾಗುತ್ತೆ ಅನ್ನೋದಕ್ಕೆ ಗದಗದ ಕಪ್ಪತಗುಡ್ಡ ನೋಡಿ. 2015ರ ಕೊನೆಯಲ್ಲಿ ಅದಕ್ಕೆ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಆದೇಶ ಮಾಡಿತು. ಒಂದೇ ವರ್ಷಕ್ಕೆ, 2016ರಲ್ಲಿ, ಆ ಆದೇಶ ವಾಪಸ್ ತಗೊಂಡಿತು. ಗಣಿಯವರ ಕಣ್ಣು ಅಲ್ಲಿನ ಚಿನ್ನ, ಕಬ್ಬಿಣದ ಮೇಲೆ. ಆಗ ಗದಗದ ಜನ ನಿಮ್ಮಷ್ಟೇ ಕುಸಿದಿರಬೇಕು. ಆದರೆ ಬೀದಿಗೆ ಬಂದರು. ಮುಂದೆ ನಿಂತವರಲ್ಲಿ ಗದಗದ ತೋಂಟದಾರ್ಯ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಒಬ್ಬರು. 2017ರಲ್ಲಿ ಸರ್ಕಾರ ಮತ್ತೆ ಆ ಆದೇಶ ತಂದಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯಿತು. ಸ್ವಾಮೀಜಿ 2018ರಲ್ಲೇ ತೀರಿಕೊಂಡಿದ್ದರು. ಧಾಮ ಆಗಿದ್ದನ್ನು ಅವರು ನೋಡಲಿಲ್ಲ. ಗಣಿಯ ಒತ್ತಡ ಆಮೇಲೂ ನಿಂತಿಲ್ಲ, ಕಾಯುವವರೂ ಬಿಟ್ಟಿಲ್ಲ.

ನಮ್ಮ ಕೃಷಿ ಹೊಂಡದ ಕಥೆಯೂ ಹಾಗೇ. ಹೊಂಡಕ್ಕೆ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂತು, ನಡುವೆ ನಿಂತುಹೋಯಿತು, 2023ರ ಬಜೆಟ್‌ನಲ್ಲಿ ಮತ್ತೆ ಬಂತು. ಮೊದಲ ಸುತ್ತಿನಲ್ಲಿ ಹೊಂಡ ತೆಗೆಸಿಕೊಂಡವರ ಹೊಂಡದಲ್ಲಿ ಯೋಜನೆ ನಿಂತ ವರ್ಷವೂ ನೀರು ನಿಂತಿತ್ತು. ಅದಕ್ಕೇ ನಾನು ಹೇಳೋದು, ಬಂದಾಗ ತಗೊಳ್ಳಿ, ನಿಂತಾಗ ಜಗಳ ಆಡಿ, ಎರಡರ ನಡುವೆ ನಿಮ್ಮ ಗುದ್ದಲಿ ಕೆಳಗಿಡಬೇಡಿ.

ಯುಗಾದಿ ಕಳೆದಿದೆ, ಮುಂಗಾರಿಗೆ ಇನ್ನು ಎರಡು ತಿಂಗಳು. ಮೊದಲ ಮಳೆಗೆ ಮುಂಚೆ ಮೂರು ಟ್ರೆಂಚ್ ತೆಗೆಸಿ. ಹತ್ತು ಬೇಡ, ಮೂರು ಸಾಕು. ನಮ್ಮ ಹಿತ್ತಲ ಹೊಂಗೆಯಲ್ಲಿ ಕಾಯಿ ಒಣಗಿ ಉದುರುತ್ತಿದೆ. ಎರಡು ಸೇರು ಬೀಜ ನಿಮಗೆ ಅಂತ ಎತ್ತಿಟ್ಟಿದ್ದೇನೆ. ಸಿಪ್ಪೆ ಬಿಡಿಸಿ, ಒಂದು ರಾತ್ರಿ ನೀರಲ್ಲಿ ನೆನೆಸಿ, ಪ್ಯಾಕೆಟ್ಟಿಗೆ ಎರಡರಂತೆ ಹಾಕಿ ನೆರಳಲ್ಲಿಡಿ. ಎರಡು ವಾರದೊಳಗೆ ಮೊಳಕೆ ಕಾಣುತ್ತೆ. ಆರಿದ್ರಾ ಮಳೆ ಹೊತ್ತಿಗೆ ನೆಡೋಕೆ ಬರುತ್ತೆ. ಈ ಸಲ ರಸ್ತೆ ಪಕ್ಕ ಬೇಡ, ಸ್ವಲ್ಪ ಒಳಗೆ, ನಿಮ್ಮ ಸರ್ವೆ ಕಲ್ಲಿನಿಂದ ಈಚೆಗೆ ನೆಡಿ. ಈ ಭಾನುವಾರ ನಮ್ಮವರು ಶಿರಾ ಕಡೆ ಬರುತ್ತಾರೆ, ಎಲ್ಲಿ ಕೊಡಬೇಕು ಅಂತ ಗುಂಪಿನಲ್ಲೇ ತಿಳಿಸಿ.