ಅಪ್ಪನ ಹಳೇ ಬ್ಲಾಗ್‌ಸ್ಪಾಟ್ ಬರಹಗಳನ್ನು ವರ್ಡ್‌ಪ್ರೆಸ್‌ಗೆ ತರಲು ಯಾವ ಪ್ಲಗಿನ್ ಹಾಕಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮ ತಂದೆಯವರು ಮಂಡ್ಯದಲ್ಲಿ ಮೇಷ್ಟ್ರಾಗಿದ್ದವರು. 2008ರಿಂದ ಬ್ಲಾಗ್‌ಸ್ಪಾಟ್‌ನಲ್ಲಿ ಆಲೆಮನೆ, ನಾಲೆ, ಜಾತ್ರೆ, ಸುತ್ತಲ ಹಳ್ಳಿಗಳ ಬಗ್ಗೆ ನೂರಾರು ಬರಹ ಹಾಕಿದ್ದಾರೆ. ಈಗ ನೀವು ಸ್ವಂತ ಡೊಮೈನ್ ತಗೊಂಡು ವರ್ಡ್‌ಪ್ರೆಸ್ ಸೈಟ್ ಮಾಡಿದ್ದೀರಿ. ಎಲ್ಲವನ್ನೂ ಒಂದೇ ಸಲಕ್ಕೆ ತರುವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಯಾವುದು, ತಂದಮೇಲೆ ಹಳೇ ಬ್ಲಾಗ್ ಅಳಿಸಬಹುದಾ ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಅಳಿಸಬೇಡಿ. ಪ್ಲಗಿನ್ ಹಾಕಿದಾಗ ಅಕ್ಷರವಂತೂ ಬರುತ್ತದೆ. ಚಿತ್ರಗಳು ಎಷ್ಟೋ ಸಲ ಬ್ಲಾಗ್‌ಸ್ಪಾಟ್ ನಡೆಸುವ ಗೂಗಲ್ ಸರ್ವರ್‌ನಲ್ಲೇ ಉಳಿದಿರುತ್ತವೆ. ಹೊಸ ಸೈಟಿನಲ್ಲಿ ಕಾಣಿಸುತ್ತಿರುತ್ತವೆ, ಆದ್ದರಿಂದ ಬಂದಿವೆ ಅಂದುಕೊಳ್ಳುತ್ತೇವೆ. ಹಳೇ ಬ್ಲಾಗ್ ತೆಗೆದಮೇಲೆ ಅವು ಉಳಿಯುತ್ತವೆ ಅನ್ನೋದಕ್ಕೆ ಯಾವ ಖಾತರಿಯೂ ಇಲ್ಲ.

ನಾನು ಮೈಸೂರಿನಲ್ಲಿ ವೆಬ್‌ಸೈಟ್ ಕೆಲಸ ಮಾಡುತ್ತೇನೆ. ನಿವೃತ್ತ ಮೇಷ್ಟ್ರುಗಳು, ನಾಟಕದವರು, ಊರಿನ ಇತಿಹಾಸ ಬರೆಯುವವರು, ಇಂಥವರ ಹಳೇ ಬರಹಗಳನ್ನು ಸಾಗಿಸಿ ಕೊಡುವುದು ನನಗೆ ಬಹಳ ಇಷ್ಟದ ಕೆಲಸ. ನಿಮ್ಮ ಮಂಡ್ಯ ಕಡೆಯ 1938ರ ಶಿವಪುರದ ಧ್ವಜ ಸತ್ಯಾಗ್ರಹದ ಬಗ್ಗೆ ಪುಸ್ತಕಗಳಲ್ಲಿ ಓದಬಹುದು. ಆದರೆ ಅಂಥ ದಿನಗಳಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿತು, ಯಾರು ಗಾಡಿ ಕಟ್ಟಿಕೊಂಡು ಹೋದರು ಅನ್ನುವ ಸಂಗತಿ ಸಿಗುವುದು ನಿಮ್ಮ ತಂದೆಯವರಂಥವರ ಬ್ಲಾಗ್‌ಗಳಲ್ಲೇ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿದೆ.

ಈಗ ಪ್ಲಗಿನ್ ವಿಷಯ. ವರ್ಡ್‌ಪ್ರೆಸ್‌ನಲ್ಲಿ ಟೂಲ್ಸ್, ಅದರೊಳಗೆ ಇಂಪೋರ್ಟ್ ತೆರೆಯಿರಿ. ಬ್ಲಾಗರ್ (ಬ್ಲಾಗ್‌ಸ್ಪಾಟ್‌ನ ಇನ್ನೊಂದು ಹೆಸರು), ಟಂಬ್ಲರ್, ಆರ್‌ಎಸ್‌ಎಸ್, ವರ್ಡ್‌ಪ್ರೆಸ್ ಹೀಗೆ ಒಂದು ಪಟ್ಟಿ ಕಾಣುತ್ತದೆ. ಹಿಂದೆ ಇವೆಲ್ಲ ವರ್ಡ್‌ಪ್ರೆಸ್‌ನ ಒಳಗೇ ಇದ್ದವು. 2010ರಲ್ಲಿ 3.0 ಬಂದಾಗ ಬೇರೆ ಬೇರೆ ಪ್ಲಗಿನ್ ಆದವು. ಅಂದರೆ ಒಂದೊಂದರ ಆರೋಗ್ಯವೂ ಬೇರೆ. ಹಾಕುವ ಮುಂಚೆ ಕೊನೆಯ ಸಲ ಯಾವಾಗ ಅಪ್‌ಡೇಟ್ ಆಗಿದೆ, ನಿಮ್ಮ ವರ್ಡ್‌ಪ್ರೆಸ್ ಆವೃತ್ತಿಯ ಜೊತೆ ಪರೀಕ್ಷಿಸಿದ್ದಾರಾ ಅಂತ ನೋಡಿ.

ದಾರಿ ಎರಡಿದೆ. ಬ್ಲಾಗರ್ ಇಂಪೋರ್ಟರ್ ಹಾಕಿ ನೇರವಾಗಿ ತರಬಹುದು. ಇಲ್ಲವೇ ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ (ನಮ್ಮ ಸೈಟನ್ನು ಅವರೇ ಇಟ್ಟುಕೊಡುವ ಸೇವೆ) ಒಂದು ಉಚಿತ ಸೈಟ್ ತೆರೆದು, ಅಲ್ಲಿರುವ ಬ್ಲಾಗರ್ ಇಂಪೋರ್ಟ್‌ನಿಂದ ಬರಹ ತಂದು, ಅಲ್ಲಿಂದ ಎಕ್ಸ್‌ಪೋರ್ಟ್ ಫೈಲ್ ತೆಗೆದು, ಅದನ್ನು ನಿಮ್ಮ ಸೈಟಿಗೆ ವರ್ಡ್‌ಪ್ರೆಸ್ ಇಂಪೋರ್ಟರ್ ಮೂಲಕ ಹಾಕಬಹುದು. ಕನ್ನಡ ಬರಹಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ಸುತ್ತು ದಾರಿ ನಿಜ. ಆದರೆ ನಡುವೆ ಒಂದು ಎಕ್ಸ್‌ಎಂಎಲ್ ಫೈಲ್ ನಿಮ್ಮ ಕೈಗೆ ಸಿಗುತ್ತದೆ. ಅದು ಮಾಮೂಲಿ ಅಕ್ಷರದ ಫೈಲ್. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥದ್ದರಲ್ಲಿ ತೆರೆದು ತಿದ್ದಬಹುದು. ಇನ್ನೊಂದು ಅನುಕೂಲ, ಇಂಪೋರ್ಟ್ ಅರ್ಧಕ್ಕೆ ನಿಂತರೆ ಅದೇ ಫೈಲನ್ನು ಮತ್ತೆ ಕೊಡಬಹುದು. ಶೀರ್ಷಿಕೆ, ತಾರೀಖು ಎರಡೂ ಒಂದೇ ಇರುವ ಬರಹ ಆಗಲೇ ಇದ್ದರೆ ಪ್ಲಗಿನ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡೆರಡು ಪ್ರತಿ ಆಗುವುದಿಲ್ಲ.

ಅರ್ಧಕ್ಕೆ ನಿಲ್ಲುವುದಂತೂ ತೀರಾ ಸಾಮಾನ್ಯ. ವರ್ಡ್‌ಪ್ರೆಸ್ ಓಡುವ ಪಿಎಚ್‌ಪಿ ಭಾಷೆಯಲ್ಲಿ ಅಪ್‌ಲೋಡ್ ಮಿತಿ ಮೊದಲಿಗೆ 2 ಎಂಬಿ ಇರುತ್ತದೆ, ಒಂದು ಕೆಲಸಕ್ಕೆ ಸಮಯ 30 ಸೆಕೆಂಡ್. ಕಡಿಮೆ ಬೆಲೆಯ ಹೋಸ್ಟಿಂಗ್‌ನಲ್ಲಿ (ಸೈಟ್ ಇಡಲು ಬಾಡಿಗೆಗೆ ಕೊಡುವ ಸರ್ವರ್) ಕೆಲವು ಸಲ ಇದನ್ನು ಹಾಗೇ ಬಿಟ್ಟಿರುತ್ತಾರೆ. ಹೋಸ್ಟಿಂಗ್‌ನವರಿಗೆ ಬರೆದು ಮಿತಿ ಏರಿಸಿಕೊಳ್ಳಿ. ಏರಿಸದಿದ್ದರೆ ಫೈಲ್ ಒಡೆದು ಹಾಕಿ.

ಫೈಲ್ ತಿದ್ದಬಹುದು ಅಂದೆನಲ್ಲ, ಅದು ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. 2008ರ ಸುಮಾರಿಗೆ ಕನ್ನಡ ಟೈಪ್ ಮಾಡಿದ ಬರಹಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಕೂತಿರುವುದು ಬಹಳ. ‘ಮ೦ಡ್ಯ’ ಅಂತ ಇರುತ್ತದೆ, ಕಣ್ಣಿಗೆ ‘ಮಂಡ್ಯ’ ಅಂತಲೇ ಕಾಣುತ್ತದೆ. ಕಂಪ್ಯೂಟರ್‌ಗೆ ಇವೆರಡೂ ಬೇರೆ ಪದ. ನಿಮ್ಮ ಹೊಸ ಸೈಟಿನಲ್ಲಿ ಯಾರಾದರೂ ಮಂಡ್ಯ ಅಂತ ಹುಡುಕಿದರೆ ಆ ಬರಹ ಬರುವುದೇ ಇಲ್ಲ. ಮಂಡ್ಯದ ಬಗ್ಗೆ ಜೀವನವಿಡೀ ಬರೆದವರ ಸೈಟಿನಲ್ಲಿ ಮಂಡ್ಯ ಅಂದರೆ ಏನೂ ಸಿಗದೆ ಹೋದರೆ ಹೇಗೆ ಅಲ್ವಾ? ತಿದ್ದುವಾಗ ಎಲ್ಲ ಸೊನ್ನೆಯನ್ನೂ ಬದಲಿಸಬೇಡಿ. ಹಿಂದೆ ಅಕ್ಷರವೋ ಕಾಗುಣಿತವೋ ಇದ್ದರೆ ಅದು ಅನುಸ್ವಾರ. ಹಿಂದೆ ಅಂಕಿ ಇದ್ದರೆ ಅದು ನಿಜವಾದ ಸೊನ್ನೆ, ೧೯೩೦ ಅಂತ ಇದ್ದರೆ ಹಾಗೇ ಇರಲಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಹುಡುಕಾಟದಲ್ಲಿ ಈ ನಿಯಮ ಕೊಟ್ಟು ಒಂದೇ ಸಲಕ್ಕೆ ಮುಗಿಸಬಹುದು. ಕನ್ನಡ ಅಕ್ಷರ ಕೆಡದಂತೆ, ಉಳಿಸುವಾಗ ಯುಟಿಎಫ್-8 ಅಂತಲೇ ಉಳಿಸಿ.

ಇದೇ ಜಾತಿಯ ಇನ್ನೊಂದು ತೊಂದರೆ ಕೊಂಬು, ದೀರ್ಘಗಳದ್ದು. ಕಂಪ್ಯೂಟರ್‌ನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ‘ಕೊ’ ಬರೆಯಲು ಎರಡು ಬಗೆ ಇದೆ. ಒತ್ವಕ್ಕೆ ಒಂದೇ ಸಂಕೇತ ಹಾಕಬಹುದು, ಇಲ್ಲವೇ ಎತ್ವ ಮತ್ತು ಕೊಂಬಿನ ದೀರ್ಘ ಅಂತ ಎರಡು ತುಂಡಾಗಿ ಹಾಕಬಹುದು. ಹಳೇ ಪರಿವರ್ತಕಗಳಿಂದ ಬಂದ ಬರಹದಲ್ಲಿ ತುಂಡು ರೂಪ ಕಾಣಿಸುತ್ತದೆ. ಅದೂ ಹುಡುಕಾಟಕ್ಕೆ ಸಿಗುವುದಿಲ್ಲ. ಇನ್ನು ‘ಸಾಫ್ಟ್‌ವೇರ್’ ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಕೆಲವು ‘ಕ್ಲೀನ್’ ಮಾಡುವ ಟೂಲ್‌ಗಳು ಅದನ್ನು ಕಸ ಅಂತ ತೆಗೆದುಬಿಡುತ್ತವೆ. ಆಗ ಅದು ಒತ್ತಕ್ಷರವಾಗಿ ‘ಸಾಫ್ಟ್ವೇರ್’ ಆಗುತ್ತದೆ. ಆದ್ದರಿಂದ ಸ್ವಚ್ಛ ಮಾಡುತ್ತೇನೆ ಅನ್ನುವ ಯಾವ ಆಯ್ಕೆಯನ್ನೂ ಸುಮ್ನೆ ಟಿಕ್ ಮಾಡಬೇಡಿ. ಬಹಳ ಹಳೇ ಬರಹ ‘ನುಡಿ’ ಅಥವಾ ‘ಬರಹ’ ಅನ್ನುವ ಟೈಪಿಂಗ್ ತಂತ್ರಾಂಶಗಳ ಆಸ್ಕಿ ಅಕ್ಷರದಲ್ಲಿ ಇದ್ದರೆ, ಅಂದರೆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಂಡರೆ, ಮೊದಲು ಯುನಿಕೋಡ್ ಮಾಡಿಕೊಂಡೇ ಮುಂದೆ ಹೋಗಿ.

ಚಿತ್ರಗಳ ವಿಷಯಕ್ಕೆ ಬರೋಣ. ಇಂಪೋರ್ಟ್ ಫೈಲಿನೊಳಗೆ ಚಿತ್ರ ಇರುವುದಿಲ್ಲ, ಚಿತ್ರದ ವಿಳಾಸ ಮಾತ್ರ ಇರುತ್ತದೆ. ವರ್ಡ್‌ಪ್ರೆಸ್ ಇಂಪೋರ್ಟರ್‌ನಲ್ಲಿ ‘ಅಟ್ಯಾಚ್‌ಮೆಂಟ್‌ಗಳನ್ನು ಇಳಿಸಿಕೋ’ ಅನ್ನುವ ಒಂದು ಟಿಕ್ ಬಾಕ್ಸ್ ಇದೆ, ಹಾಕಿ. ಆದರೆ ಅದು ಇಳಿಸುವುದು ಅಟ್ಯಾಚ್‌ಮೆಂಟ್ ಅಂತ ಫೈಲಿನಲ್ಲಿ ದಾಖಲಾದವನ್ನು ಮಾತ್ರ. ಬರಹದ ನಡುವೆ ಸುಮ್ನೆ ವಿಳಾಸವಾಗಿ ಇರುವ ಚಿತ್ರ ಗೂಗಲ್‌ನಲ್ಲೇ ಉಳಿಯುತ್ತದೆ. ಇಂಪೋರ್ಟ್ ಆದಮೇಲೆ ಒಂದೊಂದು ವರ್ಷದಿಂದ ಒಂದೆರಡು ಬರಹ ತೆರೆದು, ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ವಿಳಾಸ ನೋಡಿ. ಗೂಗಲ್‌ಯೂಸರ್‌ಕಂಟೆಂಟ್ ಅಥವಾ ಬಿಪಿ ಡಾಟ್ ಬ್ಲಾಗ್‌ಸ್ಪಾಟ್ ಅಂತ ಇದ್ದರೆ ಅದು ಇನ್ನೂ ಬಂದಿಲ್ಲ. ಹೊರಗಿನ ಚಿತ್ರಗಳನ್ನು ಮೀಡಿಯಾ ಲೈಬ್ರರಿಗೆ ಇಳಿಸುವುದಕ್ಕೇ ಬೇರೆ ಪ್ಲಗಿನ್‌ಗಳಿವೆ. ಆ ಕೆಲಸ ಮಾಡುವ ಒಂದನ್ನು ಆಮೇಲೆ ಓಡಿಸಬೇಕು.

ಅಲ್ಲೂ ಒಂದು ಎಚ್ಚರ. ಬ್ಲಾಗ್‌ಸ್ಪಾಟ್ ಚಿತ್ರದ ವಿಳಾಸದಲ್ಲಿ ಎಸ್ 320, ಎಸ್ 400, ಎಸ್ 1600 ಅಂತ ಒಂದು ತುಣುಕು ಇರುತ್ತದೆ. ಅದು ಚಿತ್ರದ ಅಳತೆ. ಬರಹದಲ್ಲಿ ಕಾಣುವುದು ಚಿಕ್ಕದು, ಒತ್ತಿದರೆ ತೆರೆಯುವುದು ದೊಡ್ಡದು. ಪ್ಲಗಿನ್ ಚಿಕ್ಕದನ್ನಷ್ಟೇ ಇಳಿಸಿದರೆ ದೊಡ್ಡದು ಅಲ್ಲೇ ಉಳಿಯಿತು. ಆಲೆಮನೆಯ ಕೊಪ್ಪರಿಗೆ ಮುಂದೆ ನಿಂತವರ ಮುಖ 320 ಪಿಕ್ಸೆಲ್‌ನಲ್ಲಿ ಏನು ಕಂಡೀತು? ಫೈಲಿನಲ್ಲೇ ಆ ತುಣುಕನ್ನು ಎಸ್ 1600 ಅಂತ ಬದಲಿಸಿ ಆಮೇಲೆ ಇಳಿಸಿಕೊಳ್ಳಿ. ಇದೆಲ್ಲಕ್ಕೂ ಮೊದಲು ಗೂಗಲ್ ಟೇಕ್‌ಔಟ್‌ನಲ್ಲಿ (ಗೂಗಲ್‌ನಲ್ಲಿರುವ ನಮ್ಮದನ್ನು ಇಳಿಸಿಕೊಳ್ಳುವ ಸೇವೆ) ಬ್ಲಾಗರ್ ಆರಿಸಿ ಒಂದು ಪೂರ್ತಿ ಪ್ರತಿ ಇಳಿಸಿ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರಿ.

ವಿಳಾಸಗಳದ್ದು ಇನ್ನೊಂದು ಕಥೆ. ಬ್ಲಾಗ್‌ಸ್ಪಾಟ್ ಕನ್ನಡ ಶೀರ್ಷಿಕೆಯಿಂದ ವಿಳಾಸ ಮಾಡುವುದಿಲ್ಲ. ಬ್ಲಾಗ್-ಪೋಸ್ಟ್, ಮುಂದೊಂದು ನಂಬರ್, ಕೊನೆಗೆ ಡಾಟ್ ಎಚ್‌ಟಿಎಂಎಲ್, ಅಷ್ಟೇ. ವರ್ಡ್‌ಪ್ರೆಸ್ ಕನ್ನಡದಲ್ಲೇ ವಿಳಾಸ ಮಾಡುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ವಿಳಾಸದ ಆ ಭಾಗ 200 ಅಕ್ಷರ ದಾಟುವಂತಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಂದೊಂದು ಬೈಟ್‌ಗೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ, ಒಟ್ಟು ಒಂಬತ್ತು. ಕಾಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಅಂದರೆ ಸುಮಾರು 22 ಸಂಕೇತಕ್ಕೆ ಜಾಗ ಮುಗಿಯಿತು. ‘ಶಿವಪುರದ ಧ್ವಜ ಸತ್ಯಾಗ್ರಹ ನಮ್ಮ ತಾತ ಕಂಡಂತೆ’ ಅಂತ ಶೀರ್ಷಿಕೆ ಇದ್ದರೆ ವಿಳಾಸ ‘ನಮ್ಮ’ದ ಮೊದಲ ‘ನ’ಗೆ ನಿಲ್ಲುತ್ತದೆ. ತಾತ ಬಿಟ್ಟೇಹೋದರು. ವಾಟ್ಸಾಪ್‌ನಲ್ಲಿ ಹಂಚಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದ ಸಾಲು ಕಾಣುತ್ತದೆ. ಆದ್ದರಿಂದ ಮುಖ್ಯ ಬರಹಗಳಿಗಾದರೂ ಚಿಕ್ಕ ವಿಳಾಸವನ್ನು ನೀವೇ ಕೈಯಾರೆ ಕೊಡಿ. ಇಂಪೋರ್ಟ್‌ನಲ್ಲಿ ಹಳೇ ಬ್ಲಾಗ್-ಪೋಸ್ಟ್ ಹೆಸರೇ ಬಂದಿದ್ದರೂ ಇದನ್ನೇ ಮಾಡಿ. ಈ ಕೆಲಸ ಸೈಟ್ ಜನರಿಗೆ ತೋರಿಸುವ ಮುಂಚೆ ಮುಗಿಯಬೇಕು.

ಬರಹಗಳ ಒಳಗೆ ‘ಇದನ್ನೂ ಓದಿ’ ಅಂತ ತಂದೆಯವರು ತಮ್ಮದೇ ಹಳೇ ಬರಹಕ್ಕೆ ಲಿಂಕ್ ಕೊಟ್ಟಿರುತ್ತಾರೆ. ಅವನ್ನು ತಪ್ಪದೆ ನೋಡಿ. 2012ರಿಂದ ಕೆಲವು ವರ್ಷ ಭಾರತದಲ್ಲಿ ಬ್ಲಾಗ್‌ಸ್ಪಾಟ್ ತೆರೆದರೆ ಡಾಟ್ ಕಾಮ್ ಬದಲು ಡಾಟ್ ಇನ್ ಅಂತ ಬರುತ್ತಿತ್ತು. ಆಗ ನಕಲು ಮಾಡಿ ಹಾಕಿದ ಲಿಂಕ್‌ಗಳೆಲ್ಲ ಡಾಟ್ ಇನ್. 2020ರಲ್ಲಿ ಆ ಡಾಟ್ ಇನ್ ಹೆಸರೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಅಂಥ ಲಿಂಕ್ ಒತ್ತಿದ ಓದುಗರು ಎಲ್ಲಿಗೆ ಹೋಗುತ್ತಾರೋ ಹೇಳಲಾಗದು. ಫೈಲಿನಲ್ಲೇ ಹುಡುಕಿ ಎಲ್ಲವನ್ನೂ ಡಾಟ್ ಕಾಮ್ ಮಾಡಿ, ಆಮೇಲೆ ಒಂದೊಂದಾಗಿ ಹೊಸ ವಿಳಾಸಕ್ಕೆ ತಿರುಗಿಸಿ. ಹಳೇ ಬ್ಲಾಗ್ ಉಳಿಸಿಕೊಳ್ಳಿ ಅಂದಿದ್ದಕ್ಕೆ ಇದೂ ಒಂದು ಕಾರಣ. ಅದರ ಟೆಂಪ್ಲೇಟ್‌ನ ಮೇಲ್ಗಡೆ ‘ಈ ಬರಹಗಳು ಈಗ ಇಲ್ಲಿವೆ’ ಅಂತ ಹೊಸ ಸೈಟಿನ ಲಿಂಕ್ ಹಾಕಿಬಿಡಿ. ಬ್ಲಾಗ್‌ಸ್ಪಾಟ್‌ನ ಸೆಟ್ಟಿಂಗ್‌ನಲ್ಲಿರುವ ರೀಡೈರೆಕ್ಟ್ ಆ ಬ್ಲಾಗಿನ ಒಳಗೆ ಮಾತ್ರ ನಡೆಯುತ್ತದೆ, ಹೊರಗಿನ ಡೊಮೈನ್‌ಗೆ ಕಳಿಸುವುದಿಲ್ಲ.

ಉಳಿದದ್ದು ಸಣ್ಣಪುಟ್ಟ. ಇಂಪೋರ್ಟ್ ಮಾಡುವ ಮುಂಚೆ ಸೈಟಿನ ಟೈಮ್‌ಝೋನ್ ಕೋಲ್ಕತಾ, ಅಂದರೆ ಭಾರತದ ಸಮಯ, ಅಂತ ಇಡಿ. ಹಳೇ ಬ್ಲಾಗಿನ ಸಮಯವನ್ನೂ ನೋಡಿ. ಬ್ಲಾಗ್‌ಸ್ಪಾಟ್‌ನಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಹಾಗೇ ಉಳಿದಿರುವುದು ಬಹಳ. ಚಳಿಗಾಲದಲ್ಲಿ ನಮಗೂ ಅಲ್ಲಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ಸಂಕ್ರಾಂತಿ ಬೆಳಿಗ್ಗೆ ಹಾಕಿದ ಬರಹ ಹಿಂದಿನ ದಿನದ ತಾರೀಖು ಹೊತ್ತುಕೊಂಡಿರುತ್ತದೆ. ಲೇಬಲ್‌ಗಳು ಸಾಮಾನ್ಯವಾಗಿ ಕೆಟಗರಿಗಳಾಗಿ ಬರುತ್ತವೆ. ಜಾಸ್ತಿ ಇದ್ದರೆ ಕೆಲವನ್ನು ಟ್ಯಾಗ್ ಮಾಡಿಕೊಳ್ಳಿ, ಅದಕ್ಕೂ ಟೂಲ್ಸ್‌ನಲ್ಲೇ ಪರಿವರ್ತಕ ಸಿಗುತ್ತದೆ. ನಡುವೆ ‘ಲೇಖಕರು ಯಾರು’ ಅಂತ ಕೇಳುವ ಒಂದು ಪರದೆ ಬರುತ್ತದೆ. ಅವಸರದಲ್ಲಿ ಅಡ್ಮಿನ್ ಹೆಸರಿಗೆ ಹಾಕಬೇಡಿ. ತಂದೆಯವರ ಹೆಸರಿನ ಖಾತೆಯನ್ನು ಮೊದಲೇ ಮಾಡಿಟ್ಟು ಅದನ್ನು ಆರಿಸಿ. ಅಷ್ಟು ವರ್ಷ ಬರೆದವರ ಹೆಸರು ಬರಹದ ಕೆಳಗೆ ಇರಲೇಬೇಕು.

ಕಾಮೆಂಟ್‌ಗಳನ್ನು ದಯವಿಟ್ಟು ಬಿಡಬೇಡಿ. ‘ಹಳೇದು, ಯಾಕೆ ಬೇಕು’ ಅಂತ ಕೆಲವರು ತೆಗೆದು ಹಾಕುತ್ತಾರೆ, ನನಗೆ ಅದು ಬಹಳ ಬೇಸರ. ಊರ ಬರಹಗಳ ಕೆಳಗೆ ಎಲ್ಲೆಲ್ಲೋ ಇರುವವರು ಬಂದು ‘ನಮ್ಮಜ್ಜಿ ಊರೂ ಅದೇ, ಆ ಆಲೆಮನೆ ಕೆರೆ ಪಕ್ಕ ಇತ್ತು’ ಅಂತ ಬರೆದಿರುತ್ತಾರೆ. ಬರಹದಲ್ಲಿ ಇಲ್ಲದ ವಿವರ ಅಲ್ಲಿರುತ್ತದೆ. ಹೆಸರು, ತಾರೀಖಿನ ಸಮೇತ ಅವು ಬರುತ್ತವೆ. ಯಾರಿಗೆ ಯಾರು ಉತ್ತರ ಕೊಟ್ಟರು ಅನ್ನುವ ಜೋಡಣೆ ಮಾತ್ರ ಕೆಲವು ಸಲ ಕಳಚುತ್ತದೆ.

ಇದನ್ನೆಲ್ಲ ನೇರವಾಗಿ ಹೊಸ ಡೊಮೈನ್‌ನಲ್ಲಿ ಮಾಡಬೇಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ವರ್ಡ್‌ಪ್ರೆಸ್ ಹಾಕಿಕೊಂಡು ಒಮ್ಮೆ ಪೂರ್ತಿ ಇಂಪೋರ್ಟ್ ಮಾಡಿ ನೋಡಿ. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಬರಹದಲ್ಲಿ ಯಾವ ಫೋಟೋ ಇತ್ತು, ಎಲ್ಲಿ ಒಂದು ಪ್ಯಾರಾ ಕಾಣೆಯಾಗಿದೆ ಅನ್ನುವುದು ಅವರ ಕಣ್ಣಿಗೆ ಬೀಳುವಷ್ಟು ಬೇಗ ನಿಮಗೋ ನನಗೋ ಬೀಳುವುದಿಲ್ಲ.

ಎಕ್ಸ್‌ಪೋರ್ಟ್ ಫೈಲ್ ಎಷ್ಟು ಎಂಬಿ ಬಂತು, ನಿಮ್ಮ ಹೋಸ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿ ಎಷ್ಟಿದೆ, ಇವೆರಡನ್ನೂ ಇಲ್ಲೇ ಕೆಳಗೆ ಬರೆಯಿರಿ. ಫೈಲ್ ಒಡೆಯಬೇಕಾ ಬೇಡವಾ ಅಂತ ನೋಡಿ ಹೇಳುತ್ತೇನೆ.